ಮಲೆನಾಡಿನಲ್ಲಿ ಹೊಸ ಬೈಕ್ ಕೊಳ್ಳುವವರಿಗೆ: ಕೊಟೇಶನ್‌ನಿಂದ ಮೊದಲ ಮಳೆಗಾಲದವರೆಗೆ

ಹೊಸ ಬೈಕ್ ಕೊಳ್ಳಲು ಹೊರಟವರು ಮೊದಲು ನೋಡಬೇಕಾದ್ದು ಶೋರೂಮಿನ ಗಾಜಿನ ಹಿಂದೆ ಹೊಳೆಯುತ್ತ ನಿಂತ ಗಾಡಿಯನ್ನಲ್ಲ, ಹಿಂಭಾಗದ ಸರ್ವೀಸ್ ಶೆಡ್ಡನ್ನು. ಒಂದೇ ಮಾಡೆಲ್ ಶಿವಮೊಗ್ಗದಲ್ಲಿ ಕೊಂಡರೂ ಸಾಗರದಲ್ಲಿ ಕೊಂಡರೂ ಬರುವುದು ಒಂದೇ ಕಾರ್ಖಾನೆಯಿಂದ. ಬೇರೆಯಾಗುವುದು ಡೀಲರ್ ನಡೆಸಿಕೊಳ್ಳುವ ರೀತಿ. ದುಡ್ಡು ಕಟ್ಟುವ ತನಕ ಕುರ್ಚಿ, ಕಾಫಿ, ನಗುಮುಖ ಎಲ್ಲ ಇರುತ್ತದೆ. ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಕಾಗದದ ಮೇಲೆ ಬರೆಸಿಕೊಂಡದ್ದು ಮಾತ್ರ. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಪಾಲು ದುಡ್ಡು ಕೈ ಬದಲಾಗುವ ಮೊದಲಿನ ಕೆಲಸಗಳ ಬಗ್ಗೆಯೇ ಇದೆ.

ಶಿವಮೊಗ್ಗದಲ್ಲೋ, ಊರಿನ ಸಬ್ ಡೀಲರ್ ಹತ್ತಿರವೋ

ಮುಖ್ಯ ಡೀಲರ್‌ಗಳು ಹೆಚ್ಚಾಗಿ ಶಿವಮೊಗ್ಗದಲ್ಲಿದ್ದಾರೆ. ತೀರ್ಥಹಳ್ಳಿ, ಹೊಸನಗರ, ಸೊರಬದಂಥ ಕಡೆ ಅವರ ಕೈಕೆಳಗಿನ ಸಬ್ ಡೀಲರ್‌ಗಳು ಇರುವುದು ಸಾಮಾನ್ಯ. ಶಿವಮೊಗ್ಗದಲ್ಲಿ ಎರಡು ಸಾವಿರ ಕಡಿಮೆಗೆ ಸಿಕ್ಕಿತೆಂದು ಅಲ್ಲೇ ಕೊಂಡು, ಆಮೇಲೆ ಪ್ರತಿ ವಾರಂಟಿ ಕೆಲಸಕ್ಕೂ ತೀರ್ಥಹಳ್ಳಿಯಿಂದ 60 ಕಿ.ಮೀ. ಮಳೆಯಲ್ಲಿ ಹೋಗಿಬರುವುದಾದರೆ ಆ ಉಳಿತಾಯ ಎರಡೇ ಓಡಾಟಕ್ಕೆ ಕರಗುತ್ತದೆ. ಹಾಗೆಂದು ಹತ್ತಿರದ ಸಬ್ ಡೀಲರ್ ಕಣ್ಣು ಮುಚ್ಚಿ ನಂಬುವ ಜಾಗವೂ ಅಲ್ಲ. ಕೇಳಬೇಕಾದ್ದು ಇಷ್ಟು:

- ಬಿಲ್ಲು ಯಾರ ಹೆಸರಿನಲ್ಲಿ, ಯಾವ ಜಿಎಸ್‌ಟಿ ಸಂಖ್ಯೆಯಲ್ಲಿ ಬರುತ್ತದೆ? ಮುಖ್ಯ ಡೀಲರ್ ಹೆಸರಿನಲ್ಲಾದರೆ ದುಡ್ಡೂ ಅದೇ ಖಾತೆಗೆ ಹೋಗಬೇಕು.
- ವಾರಂಟಿ ಕ್ಲೇಮ್ ಇಲ್ಲೇ ಆಗುತ್ತದೆಯೋ, ಗಾಡಿಯನ್ನು ಶಿವಮೊಗ್ಗಕ್ಕೆ ಕಳಿಸುತ್ತಾರೋ? ಕಳಿಸುವುದಾದರೆ ಸಾಗಣೆ ಖರ್ಚು ಯಾರದು?
- ಎಫ್‌ಐ (ಪೆಟ್ರೋಲನ್ನು ಎಲೆಕ್ಟ್ರಾನಿಕ್ ಆಗಿ ಅಳೆದು ಚಿಮ್ಮಿಸುವ) ಎಂಜಿನ್‌ನ ದೋಷ ಓದುವ ಸ್ಕ್ಯಾನರ್ ಇದೆಯೇ? ಇಲ್ಲದಿದ್ದರೆ ಎಂಜಿನ್ ಲೈಟ್ ಹತ್ತಿಕೊಂಡಾಗ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋಗುತ್ತಾರೆ.
- ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಚೈನ್ ಕಿಟ್, ಏರ್ ಫಿಲ್ಟರ್ ಈಗ ಸ್ಟಾಕಿನಲ್ಲಿವೆಯೇ? 'ತರಿಸಿಕೊಡ್ತೀವಿ' ಅಂದರೆ ಇಲ್ಲ ಎಂದೇ ಅರ್ಥ ಮಾಡಿಕೊಳ್ಳಿ.

ಶನಿವಾರ ಬೆಳಿಗ್ಗೆ ಶೆಡ್ಡಿನ ಬಳಿ ಅರ್ಧ ಗಂಟೆ ನಿಂತು ಗಾಡಿ ಬಿಡಲು ಬಂದವರನ್ನು ಮಾತಾಡಿಸಿ. ಹೇಳಿದ ದಿನ ಗಾಡಿ ಕೊಟ್ಟರೇ, ಒಂದೇ ತೊಂದರೆಗೆ ಎಷ್ಟು ಸಲ ಬಂದಿದ್ದೀರಿ, ಬಿಲ್ಲು ಅಂದಾಜಿಗಿಂತ ಹೆಚ್ಚಾಯಿತೇ: ಈ ಮೂರು ಪ್ರಶ್ನೆಗೆ ಬರುವ ಉತ್ತರ ಯಾವ ಜಾಹೀರಾತಿಗಿಂತಲೂ ನಿಜ.

ನಂಬರ್ ಪ್ಲೇಟಿನ ಚಿಂತೆ ಬೇಡ. ಶಿವಮೊಗ್ಗ ಆರ್‌ಟಿಒ ಕೆಎ-14, ಸಾಗರದ್ದು ಕೆಎ-15. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗಿನ ಯಾವ ನೋಂದಣಿ ಕಚೇರಿಯಲ್ಲಾದರೂ ನೋಂದಾಯಿಸಬಹುದು.

ಕೊಳ್ಳುವ ಕಾಲವೂ ಮುಖ್ಯ. ಆಯುಧಪೂಜೆ, ದೀಪಾವಳಿ, ಅಡಿಕೆ ದುಡ್ಡು ಕೈಗೆ ಬರುವ ತಿಂಗಳುಗಳಲ್ಲಿ ಒಂದೇ ದಿನ ಹತ್ತಾರು ಡೆಲಿವರಿ ಇರುತ್ತವೆ. ಡೆಲಿವರಿಗೆ ಮೊದಲಿನ ತಪಾಸಣೆ ಆಗ ಒದ್ದೆ ಬಟ್ಟೆಯಲ್ಲಿ ಒರೆಸುವುದಕ್ಕೇ ಮುಗಿಯುತ್ತದೆ. ಆಷಾಢದಲ್ಲಿ ಗಿರಾಕಿ ಇಲ್ಲ, ರಿಯಾಯಿತಿಯ ಮಾತಿಗೆ ಜಾಗ ಇದೆ. ಆದರೆ ಗಾಡಿ ಮಳೆಗೆ ಬಯಲಲ್ಲಿ ನಿಂತಿರುತ್ತದೆ, ತುಕ್ಕನ್ನು ಹೆಚ್ಚು ಹುಡುಕಬೇಕು. ಡಿಸೆಂಬರಿನಲ್ಲಿ ತಯಾರಾದದ್ದನ್ನು ಜನವರಿಯಲ್ಲಿ ಕೊಂಡರೆ ಮುಂದೆ ಮಾರುವಾಗ ಒಂದು ವರ್ಷ ಹಳೆಯದೆಂದೇ ಬೆಲೆ ಕಟ್ಟುತ್ತಾರೆ. ಆ ನಷ್ಟವನ್ನು ಈಗಲೇ ಬೆಲೆಯಲ್ಲಿ ಇಳಿಸಿಕೊಳ್ಳಿ.

ಕೊಟೇಶನ್ ಬಿಡಿಸಿ ಓದುವುದು

'ಆನ್-ರೋಡ್ ಇಷ್ಟು' ಎಂದು ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದುಕೊಟ್ಟ ಒಂದೇ ಅಂಕಿಯನ್ನು ಒಪ್ಪಬೇಡಿ. ಎಕ್ಸ್-ಶೋರೂಮ್ ಬೆಲೆ, ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ, ಫಿಟಿಂಗ್ಸ್, ಇತರೆ ಎಂದು ಸಾಲು ಸಾಲಾಗಿ ಮುದ್ರಿತ ಕೊಟೇಶನ್ ಕೇಳಿ. ನಂತರ ಒಂದೊಂದು ಸಾಲನ್ನೂ ನೀವೇ ಲೆಕ್ಕ ಹಾಕಿ.

ಕರ್ನಾಟಕದಲ್ಲಿ ಬೈಕಿನ ಜೀವಾವಧಿ ತೆರಿಗೆ ಬೆಲೆ 50 ಸಾವಿರದಿಂದ 1 ಲಕ್ಷದವರೆಗೆ ಶೇ. 12, ಅದನ್ನು ದಾಟಿದರೆ ಶೇ. 18. ಈ ತೆರಿಗೆಯ ಮೇಲೆ ಶೇ. 11 ಸೆಸ್. 1 ಲಕ್ಷ ದಾಟಿದ ಗಾಡಿಗೆ ಹೆಚ್ಚಿನ ದರ ಬೀಳುವುದು ಪೂರ್ತಿ ಬೆಲೆಗೆ, ದಾಟಿದ ಮೊತ್ತಕ್ಕೆ ಮಾತ್ರವಲ್ಲ. 99,000 ರೂ. ಗಾಡಿಗೆ ತೆರಿಗೆ 11,880, ಸೆಸ್ 1,307, ಒಟ್ಟು 13,187. 1,01,000 ರೂ. ಗಾಡಿಗೆ ತೆರಿಗೆ 18,180, ಸೆಸ್ 2,000, ಒಟ್ಟು 20,180. ಬೆಲೆಯ ಅಂತರ ಎರಡು ಸಾವಿರ, ತೆರಿಗೆಯ ಅಂತರ ಏಳು ಸಾವಿರ! ಬಣ್ಣಕ್ಕೋ ಬ್ಲೂಟೂತ್ ಮೀಟರಿಗೋ ಮೇಲಿನ ವೇರಿಯಂಟ್ ಆರಿಸುವ ಮೊದಲು ಈ ಗೆರೆ ಎಲ್ಲಿದೆ ನೋಡಿಕೊಳ್ಳಿ. ಸೇಲ್ಸ್‌ನವರು ತಾವಾಗಿ ಇದನ್ನು ಹೇಳುವುದು ಅಪರೂಪ.

ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ವರೆಗಿನ ಬೈಕಿಗೆ ಶೇ. 18, ಅದಕ್ಕೆ ಮೇಲೆ ಶೇ. 40. ಎಕ್ಸ್-ಶೋರೂಮ್ ಬೆಲೆಯಲ್ಲೇ ಇದು ಸೇರಿರುತ್ತದೆ, ಬೇರೆ ಸಾಲಿನಲ್ಲಿ ಮತ್ತೆ ಬರಬಾರದು. ಕೇಂದ್ರದ ನಿಯಮದಲ್ಲಿ ಬೈಕಿನ ನೋಂದಣಿ ಶುಲ್ಕ 300, ಸ್ಮಾರ್ಟ್ ಕಾರ್ಡಿಗೆ 200, ಸಾಲದ ಗಾಡಿಯಾದರೆ ಹೈಪೊಥಿಕೇಶನ್ (ಸಾಲ ಕೊಟ್ಟವರ ಹಕ್ಕಿನ) ನಮೂದಿಗೆ 500. 'ಆರ್‌ಟಿಒ ಖರ್ಚು' ಎಂದು ಇದರ ಹಲವು ಪಟ್ಟು ಬರೆದಿದ್ದರೆ ಸರ್ಕಾರದ ರಸೀದಿ ತೋರಿಸಿ ಎನ್ನಿ.

'ಹ್ಯಾಂಡ್ಲಿಂಗ್ ಚಾರ್ಜ್', 'ಲಾಜಿಸ್ಟಿಕ್ಸ್', 'ಫೈಲ್ ಚಾರ್ಜ್' ಎಂಬ ಸಾಲುಗಳನ್ನು ತೆಗೆಸಲು ಕೇಳಿ. ಕಾರ್ಖಾನೆಯಿಂದ ಶೋರೂಮಿಗೆ ಗಾಡಿ ತರುವ ಖರ್ಚು ಎಕ್ಸ್-ಶೋರೂಮ್ ಬೆಲೆಯಲ್ಲೇ ಇದೆ. ಜಗಳ ಬೇಡ, 'ಯಾವ ನಿಯಮದಡಿ ಅಂತ ಬಿಲ್ಲಿನಲ್ಲಿ ಬರೆದುಕೊಡಿ ಸರ್' ಎಂದರೆ ಸಾಕು. ಬರೆದುಕೊಡಲಾಗದ್ದು ಅರ್ಧ ಸಲ ಅಲ್ಲೇ ಬಿದ್ದುಹೋಗುತ್ತದೆ.

ಫಿಟಿಂಗ್ಸ್: ಬೇಕಾದ್ದು, ಬರಬೇಕಾದ್ದು, ಬೇಡದ್ದು

ಕೇಂದ್ರ ಮೋಟಾರು ವಾಹನ ನಿಯಮ 138ರ ಪ್ರಕಾರ ಬೈಕ್ ಕೊಳ್ಳುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಒದಗಿಸುವುದು ತಯಾರಕರ ಹೊಣೆ. ನಿಯಮ 123 ಹಿಂಬದಿ ಸವಾರರ ಹಿಡಿಕೆ, ಕಾಲಿಡುವ ಫುಟ್‌ರೆಸ್ಟ್, ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ, ಅಂದರೆ ಸಾರಿ ಗಾರ್ಡ್, ಇರಲೇಬೇಕು ಎನ್ನುತ್ತದೆ. ಇವನ್ನು 'ಆಕ್ಸೆಸರಿ ಪ್ಯಾಕ್' ಎಂದು ಮಾರುವುದು ಹಳೆಯ ಚಾಳಿ. ನಿಯಮದ ಸಂಖ್ಯೆ ಹೇಳಿ ಕೇಳಿ.

ಟೆಫ್ಲಾನ್ ಕೋಟಿಂಗ್ ಬೇಡ, ಅದು ಪಾಲಿಶಿನ ದೊಡ್ಡ ಹೆಸರು. ಅದೇ ದುಡ್ಡಿನಲ್ಲಿ ಚಾಸಿಸ್ ಅಡಿಗೆ, ಸ್ವಿಂಗ್‌ಆರ್ಮ್‌ಗೆ, ಸ್ಟ್ಯಾಂಡಿನ ಬೆಸುಗೆಗಳಿಗೆ ಆಂಟಿ-ರಸ್ಟ್ ಹೊಡೆಸಿದರೆ ನಮ್ಮ ಮಳೆಗೆ ಅರ್ಥವಿದೆ. ಮಡ್‌ಫ್ಲಾಪ್ ಹಾಕಿಸಿ. ಕೆಂಪು ಮಣ್ಣಿನ ರಸ್ತೆಯವರಿಗೆ ಅದು ಅಲಂಕಾರದ ವಸ್ತು ಅಲ್ಲ.

ಆಗುಂಬೆ, ಹುಲಿಕಲ್ ಕಡೆಯವರು ಮಂಜಿಗೆಂದು ಫಾಗ್ ಲೈಟ್ ಹಾಕಿಸುತ್ತಾರೆ. ಇಲ್ಲಿ ಹೋಗುವುದು ವಾರಂಟಿ. ಹೊರಗಿನ ಎಲೆಕ್ಟ್ರಿಷಿಯನ್ ಮೂಲ ವೈರು ಕತ್ತರಿಸಿ ಜೋಡಿಸಿದರೆ ಮುಂದೆ ಮೀಟರ್ ಕೆಟ್ಟರೂ ಎಂಜಿನ್ ನಿಯಂತ್ರಿಸುವ ಇಸಿಯು ಸತ್ತರೂ ಕಂಪನಿ 'ವೈರಿಂಗ್ ಮುಟ್ಟಿದ್ದೀರಿ' ಎಂದು ಕೈ ತೊಳೆದುಕೊಳ್ಳುತ್ತದೆ. ವೈರು ಕತ್ತರಿಸದೆ ಕಪ್ಲರ್‌ಗೆ (ವೈರಿನ ತುದಿಯ ಪ್ಲಗ್ಗಿಗೆ) ಕಪ್ಲರ್ ಸೇರುವ ಕಿಟ್, ರಿಲೇ, ಪ್ರತ್ಯೇಕ ಫ್ಯೂಸ್ ಬೇಕು. 20 ವ್ಯಾಟಿನ ಎರಡು ದೀಪ ಸುಮಾರು 3.3 ಆಂಪಿಯರ್ ಎಳೆಯುತ್ತವೆ, 5 ಆಂಪಿಯರ್ ಫ್ಯೂಸ್ ಸಾಕು. ಡೀಲರ್ ಬಳಿಯೇ ಹಾಕಿಸಿದರೆ ಅದು ಗಾಡಿಯ ಬಿಲ್ಲಿನಲ್ಲಿ ಬರಲಿ.

ವಿಮೆ ಮತ್ತು ಸಾಲ

ಡೀಲರ್ ಹೇಳಿದ ಕಂಪನಿಯಲ್ಲೇ ವಿಮೆ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆ, ಕಡ್ಡಾಯ. 2022ರಲ್ಲಿ ನಿಗದಿಯಾದ ಆ ಪ್ರೀಮಿಯಂ ಜಿಎಸ್‌ಟಿ ಬಿಟ್ಟು 75ರಿಂದ 150 ಸಿಸಿಗೆ 3,851 ರೂ., 150ರಿಂದ 350 ಸಿಸಿಗೆ 7,365 ರೂ., 350 ಮೀರಿದರೆ 15,117 ರೂ. ಎಲ್ಲ ಕಂಪನಿಗೂ ಇದು ಒಂದೇ. ವ್ಯತ್ಯಾಸ ಬರುವುದು ಗಾಡಿಯ ಸ್ವಂತ ಹಾನಿಯ ಭಾಗದಲ್ಲಿ, ಆಡ್-ಆನ್ ಎಂಬ ಹೆಚ್ಚುವರಿ ರಕ್ಷಣೆಗಳಲ್ಲಿ. ಮಾಲೀಕರ ಹೆಸರಿನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನಿಮಗೆ ಈಗಾಗಲೇ ಇದ್ದರೆ ಮತ್ತೊಂದು ಬೇಡ.

ಐಡಿವಿ, ಅಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮೆ ಕೊಡುವ ಗರಿಷ್ಠ ಮೊತ್ತ, ಅದರ ಅಂಕಿ ನೋಡಿ. ಹೊಸ ಗಾಡಿಗೆ ಎಕ್ಸ್-ಶೋರೂಮ್ ಬೆಲೆಯ ಶೇ. 95ರ ಹತ್ತಿರ ಇರಬೇಕು, 90 ಸಾವಿರದ ಗಾಡಿಗೆ 85,500. ಪ್ರೀಮಿಯಂ ಕಡಿಮೆ ತೋರಿಸಲು ಇದನ್ನು ಇಳಿಸಿದ್ದರೆ ಗಾಡಿ ಕಳುವಾದ ದಿನ ಗೊತ್ತಾಗುತ್ತದೆ. ಝೀರೋ ಡೆಪ್ (ಭಾಗಗಳ ಸವಕಳಿ ಕಳೆಯದ ಆಡ್-ಆನ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯ ಅರ್ಧವನ್ನು ನೀವೇ ಭರಿಸಬೇಕು. ಪಾಚಿ ಕಟ್ಟಿದ ಘಟ್ಟದ ರಸ್ತೆಯಲ್ಲಿ ಜಾರಿ ಬಿದ್ದರೆ ಮೊದಲು ಒಡೆಯುವುದು ಅವೇ. ಇನ್ನೊಂದು ವಿಷಯ: ಹಳ್ಳದ ನೀರಿನಲ್ಲಿ ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಹಾಳಾದರೆ ಸಾಮಾನ್ಯ ಪಾಲಿಸಿ ಅದನ್ನು ಕೊಡುವುದಿಲ್ಲ. ತೋಟದ ದಾರಿಯಲ್ಲಿ ಹಳ್ಳ ದಾಟುವವರು ಎಂಜಿನ್ ರಕ್ಷಣೆಯ ಆಡ್-ಆನ್ ಬೆಲೆ ಕೇಳಿಡಿ.

ಸಾಲದ ವಿಷಯದಲ್ಲಿ 'ಬರೀ 10 ಪರ್ಸೆಂಟ್' ಎಂದವರನ್ನು 'ಫ್ಲಾಟೋ, ರೆಡ್ಯೂಸಿಂಗೋ' ಎಂದು ಕೇಳಿ. ಫ್ಲಾಟ್ ಎಂದರೆ ಕೊನೆಯವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ, ರೆಡ್ಯೂಸಿಂಗ್ ಎಂದರೆ ಉಳಿದ ಅಸಲಿನ ಮೇಲೆ ಮಾತ್ರ. 80,000 ರೂ.ಗೆ ಫ್ಲಾಟ್ ಶೇ. 10ರಂತೆ 3 ವರ್ಷಕ್ಕೆ ಬಡ್ಡಿ 24,000, ಕಂತು 2,889. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ. 18 ಆಗುತ್ತದೆ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಎಲ್ಲ ಖರ್ಚು ಸೇರಿದ ವಾರ್ಷಿಕ ದರ ತೋರಿಸುವ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಸಹಿಗೆ ಮೊದಲು ಅದನ್ನು ತೆಗೆದುಕೊಳ್ಳಿ, ಖಾಲಿ ನಮೂನೆಗಳಿಗೆ ಸಹಿ ಹಾಕಬೇಡಿ.

ಹಳೆ ಗಾಡಿಯನ್ನು ಎಕ್ಸ್‌ಚೇಂಜಿಗೆ ಕೊಡುವವರು ಮಾಲೀಕತ್ವ ವರ್ಗಾವಣೆಯ ಖಾಲಿ 29, 30ನೇ ನಮೂನೆಗಳಿಗೆ ಸಹಿ ಹಾಕಿ ಮರೆತುಬಿಡುತ್ತಾರೆ. ಆರ್‌ಸಿ ನಿಮ್ಮ ಹೆಸರಿನಲ್ಲಿರುವ ತನಕ ಆ ಗಾಡಿ ಮಾಡಿದ ಅಪಘಾತದ ಹೊಣೆ ನಿಮ್ಮ ಬಾಗಿಲಿಗೆ ಬರುತ್ತದೆ. ಅಧಿಕೃತ ಹಳೆ-ವಾಹನ ವ್ಯಾಪಾರಿಗೆ ಒಪ್ಪಿಸಿದ್ದನ್ನು ದಾಖಲಿಸಲು 2023ರ ಏಪ್ರಿಲ್‌ನಿಂದ 29ಸಿ ನಮೂನೆ ಇದೆ. ಅದನ್ನು ಆನ್‌ಲೈನಿನಲ್ಲಿ ಹಾಕಿಸಿ ಪ್ರತಿ ಇಟ್ಟುಕೊಳ್ಳಿ.

ಬುಕಿಂಗ್

ಮುಂಗಡದ ರಸೀದಿಯಲ್ಲಿ ಮಾಡೆಲ್, ವೇರಿಯಂಟ್, ಬಣ್ಣ, ಒಪ್ಪಿದ ಒಟ್ಟು ಬೆಲೆ, ಡೆಲಿವರಿ ದಿನಾಂಕ ಇರಲಿ. ಕೆಳಗೆ ಕೈಬರಹದಲ್ಲಿ ಎರಡು ಸಾಲು ಹಾಕಿಸಿ: ಬುಕಿಂಗ್ ರದ್ದಾದರೆ ಎಷ್ಟು ದಿನದಲ್ಲಿ ಎಷ್ಟು ವಾಪಸ್, ಮತ್ತು ಡೆಲಿವರಿಗೆ ಮೊದಲು ಬೆಲೆ ಏರಿದರೆ ಯಾರ ಪಾಲಿಗೆ. ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ 'ಡೆಲಿವರಿ ದಿನದ ಬೆಲೆ ಅನ್ವಯ' ಎಂದಿದ್ದರೆ ಮಾತಿನಲ್ಲಿ ಕೊಟ್ಟ ಭರವಸೆಗೆ ಬೆಲೆಯಿಲ್ಲ. ನಗದು ಕೊಡುವವರು ಗಮನಿಸಿ, ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಅಡಿಕೆ ಮಾರಿದ ದುಡ್ಡಾದರೂ ಬ್ಯಾಂಕ್ ಮೂಲಕ ಹೋಗಲಿ.

ಟೆಸ್ಟ್ ರೈಡ್ ಕೊಡುವುದು ಬಿ.ಹೆಚ್. ರಸ್ತೆಯಂಥ ಸಮತಟ್ಟಿನಲ್ಲಿ. ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಸಿಕ್ಕ ಏರಿನಲ್ಲಿ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿ. ಕ್ಲಚ್ ಸುಟ್ಟ ವಾಸನೆ ಬರದೆ, ಆಕ್ಸಿಲರೇಟರ್ ಅತಿಯಾಗಿ ತಿರುಗಿಸದೆ ಹೊರಟರೆ ಘಟ್ಟಕ್ಕೆ ಆದೀತು.

ತಪಾಸಣೆ: ಪೂಜೆಗೆ ಮೊದಲು

ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟ ಮೇಲೆ 'ಈ ಗಾಡಿ ಬೇಡ' ಎನ್ನುವ ಧೈರ್ಯ ಮನೆಯವರೆದುರು ಯಾರಿಗೂ ಇರುವುದಿಲ್ಲ. ಡೀಲರ್‌ಗೂ ಅದು ಗೊತ್ತು. ಆದ್ದರಿಂದ ತಪಾಸಣೆಯನ್ನು ನೋಂದಣಿಗೆ ಮೊದಲೇ ಮುಗಿಸಿ. ಗಾಡಿ ನಿಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಬದಲಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. 'ನಮಗೆ ಕೊಡುವ ಗಾಡಿಯ ಚಾಸಿಸ್ ನಂಬರ್ ಹೇಳಿ, ನೋಡಿದ ಮೇಲೆ ಬಿಲ್ ಮಾಡಿ' ಎಂದು ಮೊದಲೇ ತಿಳಿಸಿ. ಹಗಲು ಬೆಳಕಿನಲ್ಲಿ, ಒಣಗಿದ ಗಾಡಿಯನ್ನು ನೋಡಿ. ಒದ್ದೆ ಗಾಡಿಯಲ್ಲಿ ಗೀರು ಕಾಣುವುದಿಲ್ಲ.

1. ಚಾಸಿಸ್‌ನ 17 ಅಕ್ಷರಗಳನ್ನೂ ಎಂಜಿನ್ ನಂಬರನ್ನೂ ಕಾಗದದೊಂದಿಗೆ ಹೋಲಿಸಿ, ಫೋಟೊ ತೆಗೆಯಿರಿ. ತಯಾರಾದ ತಿಂಗಳು, ವರ್ಷ 21ನೇ ನಮೂನೆಯಲ್ಲಿ (ಮಾರಾಟ ಪ್ರಮಾಣಪತ್ರ) ಇರುತ್ತದೆ. ಆರು ತಿಂಗಳು ದಾಟಿದ್ದರೆ ಬೇರೆ ಗಾಡಿ ಅಥವಾ ರಿಯಾಯಿತಿ ಕೇಳಿ.
2. ಟೈರಿನ ಬದಿಯ ನಾಲ್ಕಂಕಿ ನೋಡಿ. 2325 ಎಂದರೆ 2025ರ 23ನೇ ವಾರ. ಮುಂದಿನ, ಹಿಂದಿನ ಟೈರಿನ ನಡುವೆ ಹೆಚ್ಚು ಅಂತರ ಇದ್ದರೆ ಕಾರಣ ಕೇಳಿ.
3. ಓಡೋಮೀಟರ್ ಕೆಲವೇ ಕಿ.ಮೀ. ತೋರಿಸಬೇಕು. ಹತ್ತಾರು ಕಿ.ಮೀ. ಓಡಿದ್ದರೆ ಟೆಸ್ಟ್ ರೈಡಿಗೋ, ಬೇರೆ ಬ್ರಾಂಚಿನಿಂದ ಓಡಿಸಿಕೊಂಡು ಬರಲೋ ಬಳಸಿದ್ದಾರೆ.
4. ಬ್ಯಾಟರಿ. ಎಂಜಿನ್ ಆರಿಸಿದಾಗ ಮಲ್ಟಿಮೀಟರ್ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.4ಕ್ಕಿಂತ ಕೆಳಗಿದ್ದರೆ ಪೂರ್ತಿ ಚಾರ್ಜ್ ಮಾಡಿಸಿ. 12ಕ್ಕೂ ಇಳಿದಿದ್ದರೆ ತಿಂಗಳುಗಟ್ಟಲೆ ನಿಂತ ಗಾಡಿ, ಹೊಸ ಬ್ಯಾಟರಿಯನ್ನೇ ಕೇಳಿ. ಎಂಜಿನ್ ವೇಗ ಏರಿಸಿದಾಗ 13.5ರಿಂದ 14.5ರ ನಡುವೆ ಬರಬೇಕು.
5. ತುಕ್ಕು. ಸ್ಪೋಕಿನ ಬುಡ, ಸೈಲೆನ್ಸರ್ ಬೆಂಡಿನ ಬೆಸುಗೆ, ಹ್ಯಾಂಡಲ್ ಕ್ಲ್ಯಾಂಪಿನ ಬೋಲ್ಟು, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್, ಟ್ಯಾಂಕಿನ ಮುಚ್ಚಳದ ಒಳಗಂಚು. ಡಿಸ್ಕಿನ ಮೇಲಿನ ತೆಳು ಕಂದು ಬಣ್ಣ ದೋಷವಲ್ಲ, ಎರಡು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.
6. ಮುಂದಿನ ಫೋರ್ಕನ್ನು ಐದಾರು ಸಲ ಒತ್ತಿ ಬಿಡಿ. ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದರೆ ಸೀಲ್ ಹೋಗಿದೆ.
7. ಚೈನ್ ಸಡಿಲ ಬಹಳಷ್ಟು ಬೈಕುಗಳಲ್ಲಿ 20ರಿಂದ 30 ಮಿ.ಮೀ. ನಿಖರ ಅಂಕಿ ಮ್ಯಾನುಯಲ್‌ನಲ್ಲಿ ಇದೆ. ಸಾಗಣೆಗೆಂದು ಹೆಚ್ಚು ತುಂಬಿದ ಟೈರ್ ಗಾಳಿಯನ್ನು ಇಳಿಸದೆ ಕೊಡುವುದೂ ಉಂಟು. ಒದ್ದೆ ರಸ್ತೆಯಲ್ಲಿ ಅಂಥ ಟೈರು ಜಾರುತ್ತದೆ.
8. ಕೀ ಹಾಕಿದಾಗ ಎಂಜಿನ್ ಲೈಟ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಹತ್ತಬೇಕು. ಎಂಜಿನ್ ಲೈಟ್ ಸ್ಟಾರ್ಟ್ ಆದೊಡನೆ, ಎಬಿಎಸ್ ಲೈಟ್ ಸ್ವಲ್ಪ ದೂರ ಚಲಿಸಿದ ಮೇಲೆ ಆರಬೇಕು. ಎಬಿಎಸ್ 125 ಸಿಸಿ ಮೀರಿದ ಬೈಕಿನಲ್ಲಿ ಇರಲೇಬೇಕು.

ಎಂಜಿನ್ ಹತ್ತು ನಿಮಿಷ ಓಡಲಿ. ಕೆಳಗೆ ಹಳೆ ಪೇಪರ್ ಹಾಸಿದರೆ ಒಂದು ಹನಿ ಸೋರಿದರೂ ಕಾಣುತ್ತದೆ. ಕಂಡ ದೋಷಗಳನ್ನು ತಪಾಸಣೆ ಪಟ್ಟಿಯಲ್ಲೇ ಬರೆಸಿ, ಸರಿಯಾದ ಮೇಲೆ ಸಹಿ ಹಾಕಿ. ರಾಹುಕಾಲ ಶುರುವಾಗುತ್ತದೆ ಎಂದು ಅವಸರಪಡಿಸಿದರೆ ಡೆಲಿವರಿಯನ್ನು ಮರುದಿನಕ್ಕೆ ಹಾಕಿ.

ಕಾಗದಗಳು

ನೋಂದಣಿ ಇಲ್ಲದೆ, ಕನಿಷ್ಠ ತಾತ್ಕಾಲಿಕ ನೋಂದಣಿಯಾದರೂ ಇಲ್ಲದೆ, ಡೀಲರ್ ಗಾಡಿ ಕೊಡುವಂತಿಲ್ಲ. ಇದು ನಿಯಮ 42. 'ನಂಬರ್ ಮುಂದಿನ ವಾರ ಬರುತ್ತೆ, ಗಾಡಿ ತಗೊಂಡು ಹೋಗಿ' ಎಂದರೆ ಒಪ್ಪಬೇಡಿ. ದಾರಿಯಲ್ಲಿ ಅಪಘಾತವಾದರೆ ವಿಮೆ ಕಂಪನಿಗೆ ಅದೇ ನೆಪ ಸಾಕು. ಕೈಗೆ ಬರಬೇಕಾದ್ದು: ತೆರಿಗೆ ಬಿಲ್ಲು, 21 ಮತ್ತು 22ನೇ (ರಸ್ತೆಗೆ ಯೋಗ್ಯವೆಂಬ ತಯಾರಕರ ಪ್ರಮಾಣಪತ್ರ) ನಮೂನೆಗಳ ಪ್ರತಿ, ತೆರಿಗೆ ಕಟ್ಟಿದ ರಸೀದಿ, ವಿಮೆ ಪಾಲಿಸಿ, ಸರ್ವೀಸ್ ಪುಸ್ತಕ, ಮ್ಯಾನುಯಲ್, ಎರಡು ಕೀ, ಟೂಲ್ ಕಿಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಹೆಸರು, ವಿಳಾಸ, ಚಾಸಿಸ್ ನಂಬರ್‌ಗಳನ್ನು ಅಕ್ಷರ ಅಕ್ಷರ ನೋಡಿ. ಆರ್‌ಸಿಯಲ್ಲಿ ಒಂದಕ್ಷರ ತಪ್ಪಿದರೆ ತಿದ್ದಿಸಲು ನೀವೇ ಆರ್‌ಟಿಒ ಅಲೆಯಬೇಕು.

ಆಧಾರ್, ವಿಮೆಯ ಒಟಿಪಿಗಳನ್ನು ಶೋರೂಮಿನಲ್ಲೇ ಕುಳಿತು ಮುಗಿಸಿ. ನೆಟ್‌ವರ್ಕ್ ಸಿಗದ ಮನೆಗೆ ಹೋದ ಮೇಲೆ 'ಒಟಿಪಿ ಹೇಳಿ' ಎಂಬ ಕರೆ ತಲುಪದೆ ಫೈಲು ವಾರಗಟ್ಟಲೆ ನಿಲ್ಲುವುದು ಇಲ್ಲಿ ಸಾಮಾನ್ಯ.

ಮೊದಲ ಸರ್ವೀಸ್, ಮೊದಲ ಮಳೆ

ಮೊದಲ ಸರ್ವೀಸ್ ಕಂಪನಿಗೆ ತಕ್ಕಂತೆ 500ರಿಂದ 1000 ಕಿ.ಮೀ. ಒಳಗೆ ಬರುತ್ತದೆ. ದಿನದ ಮಿತಿಯೂ ಇದೆ, ಎರಡರಲ್ಲಿ ಯಾವುದು ಮೊದಲೋ ಅದು. ಮಳೆಯಲ್ಲಿ ಗಾಡಿ ಹೊರಗೆ ತೆಗೆಯದೆ ದಿನ ಮೀರಿಸಿದರೆ ಮುಂದಿನ ವಾರಂಟಿ ಮಾತುಕತೆಯಲ್ಲಿ ಅದನ್ನೇ ಎತ್ತುತ್ತಾರೆ. 'ಫ್ರೀ ಸರ್ವೀಸ್' ಎಂದರೆ ಕೂಲಿ ಮಾತ್ರ ಉಚಿತ, ಆಯಿಲ್‌ಗೂ ಫಿಲ್ಟರ್‌ಗೂ ದುಡ್ಡು ಕೊಡಬೇಕು.

ಜಾಬ್ ಕಾರ್ಡ್, ಅಂದರೆ ಗಾಡಿಯನ್ನು ಸರ್ವೀಸಿಗೆ ಬಿಡುವಾಗ ತೊಂದರೆಗಳನ್ನು ಬರೆದುಕೊಳ್ಳುವ ಚೀಟಿ, ಅದನ್ನು ಬರೆಸುವುದೇ ಇಲ್ಲಿನ ಮುಖ್ಯ ಕೆಲಸ. 'ಜನರಲ್ ಚೆಕಪ್' ಎಂದು ಬರೆಯಲು ಬಿಡಬೇಡಿ. 'ಎರಡನೇ ಗಿಯರಿನಲ್ಲಿ ಏರು ಹತ್ತುವಾಗ ಎಂಜಿನ್ ಮುಗ್ಗರಿಸುತ್ತದೆ, ಮಳೆಯಲ್ಲಿ ಮಾತ್ರ' ಎಂದು ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ನಿಮ್ಮ ಮಾತಿನಲ್ಲೇ ಬರೆಸಿ. ಒಂದೇ ದೋಷ ಮೂರು ಜಾಬ್ ಕಾರ್ಡಿನಲ್ಲಿ ದಿನಾಂಕ ಸಮೇತ ಇದ್ದರೆ ಅದು ಪುರಾವೆ. ಬಾಯಲ್ಲಿ ಮೂವತ್ತು ಸಲ ಹೇಳಿದ್ದು ಪುರಾವೆಯಲ್ಲ. ವಾರಂಟಿಯಲ್ಲಿ ಬದಲಿಸಿದ ಹಳೆ ಭಾಗವನ್ನು ಕಂಪನಿ ಇಟ್ಟುಕೊಳ್ಳುತ್ತದೆ, ಮೊದಲೇ ಫೋಟೊ ತೆಗೆಯಿರಿ.

ನಮ್ಮ ಮಳೆಯಲ್ಲಿ ಕಾಣುವ ತೊಂದರೆಗಳು ಕೆಲವೇ. ಟ್ಯಾಂಕ್ ಮುಚ್ಚಳದ ಸುತ್ತ ನೀರು ಹರಿದುಹೋಗುವ ಸಣ್ಣ ರಂಧ್ರ ಧೂಳಿನಿಂದ ಕಟ್ಟಿಕೊಂಡರೆ ನೀರು ಪೆಟ್ರೋಲಿಗೆ ಸೇರಿ ಪಂಪ್ ಕೆಡುತ್ತದೆ. ಆಗ 'ಪೆಟ್ರೋಲ್ ಕಲಬೆರಕೆ' ಎಂದು ವಾರಂಟಿ ನಿರಾಕರಿಸುತ್ತಾರೆ. ಮೇ ಕೊನೆಯ ಸರ್ವೀಸಿನಲ್ಲಿ ಆ ರಂಧ್ರವನ್ನು ಗಾಳಿಯಿಂದ ಊದಿಸಿ, ವೈರ್ ಕಪ್ಲರ್‌ಗಳಿಗೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಿ, ಎರಡನ್ನೂ ಜಾಬ್ ಕಾರ್ಡಿನಲ್ಲಿ ಸೇರಿಸಿ. ಮೀಟರಿನ ಗಾಜಿನೊಳಗೆ ತೆಳು ಮಂಜು ಕಟ್ಟಿ ಬಿಸಿಲಿಗೆ ಆರಿದರೆ ದೋಷವಲ್ಲ, ನೀರು ಹನಿಯಾಗಿ ನಿಂತರೆ ಸೀಲಿನ ದೋಷ. ಅದರ ವಿಡಿಯೊ ಮಾಡಿಡಿ, ಶೆಡ್ ತಲುಪುವಷ್ಟರಲ್ಲಿ ಒಣಗಿರುತ್ತದೆ.

ಕೇಳದಿದ್ದಾಗ

ಮೊದಲು ಸರ್ವೀಸ್ ಮ್ಯಾನೇಜರ್, ಆಮೇಲೆ ಮಾಲೀಕರು. ಇಬ್ಬರಿಗೂ ಇಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ಬರೆದು ತಿಳಿಸಿ. ವಾರದಲ್ಲಿ ಉತ್ತರ ಬರದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಚಾಸಿಸ್ ನಂಬರ್, ಜಾಬ್ ಕಾರ್ಡ್ ಸಂಖ್ಯೆಗಳೊಂದಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 'ಏರಿಯಾ ಸರ್ವೀಸ್ ಮ್ಯಾನೇಜರ್ ಬಂದಾಗ ನನ್ನೆದುರೇ ಗಾಡಿ ನೋಡಲಿ' ಎಂದು ಕೇಳಿ. ಡೀಲರ್ ಕೈಯಲ್ಲಿ ಆಗದ ವಾರಂಟಿ ಒಪ್ಪಿಗೆಗಳು ಅವರಿಂದಲೇ ಆಗಬೇಕು. ವಿಮೆಯ ದೂರು ವಿಮಾ ನಿಯಂತ್ರಕರ ಬಿಮಾ ಭರೋಸಾ ಜಾಲತಾಣಕ್ಕೆ, ಸಾಲದ ದೂರು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ಇವೆರಡನ್ನೂ ಡೀಲರ್ ಜಗಳದೊಳಗೆ ಬೆರೆಸಬೇಡಿ.

ನಂತರದ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಯಾವ ರಾಜ್ಯದಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ದೂರಿನಲ್ಲಿ ಡೀಲರ್ ಮತ್ತು ತಯಾರಕರು ಇಬ್ಬರನ್ನೂ ಪ್ರತಿವಾದಿ ಮಾಡಿ. ಒಬ್ಬರನ್ನೇ ಹಾಕಿದರೆ ಡೀಲರ್ 'ತಯಾರಿಕೆ ದೋಷ' ಎನ್ನುತ್ತಾರೆ, ಕಂಪನಿ 'ಸರ್ವೀಸ್ ದೋಷ' ಎನ್ನುತ್ತದೆ. ಅದಕ್ಕೆ ಮೊದಲು ಇಬ್ಬರಿಗೂ 15 ದಿನದ ಗಡುವಿಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ತಲುಪಿದ್ದಕ್ಕೆ ಅಂಚೆಯ ದಾಖಲೆ ತೆಗೆದಿಡಿ. ಗಾಡಿ ಡೀಲರ್ ಬಳಿಯೇ ನಿಂತಿದ್ದರೆ ಬಿಟ್ಟ ದಿನದ ರಸೀದಿ, ಅಂದಿನ ಓಡೋಮೀಟರ್ ಫೋಟೊ ನಿಮ್ಮ ಬಳಿ ಇರಬೇಕು.